ಮೇಣದ ಹಲ್ಲು

ಮಾರಿಸ್‌ವಿಲ್‌ನ ನಮ್ಮ ಟೌನ್‌ಹೌಸಿನ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ನಾನು ನೋಡಿಲ್ಲ. ಕೆಳಗೆ ಗ್ಯಾರೇಜು, ಅದರ ಮೇಲೆ ಅಡುಗೆಮನೆ, ಊಟದ ಮೇಜು, ಕೂರುವ ಜಾಗ, ಅದಕ್ಕೂ ಮೇಲೆ ಮಲಗುವ ಕೋಣೆಗಳು. ಮನೆಯೆಂದರೆ ನನಗೆ ಮೆಟ್ಟಿಲು ಹತ್ತುವುದು, ಇಳಿಯುವುದು. ನಮ್ಮ ಸಾಲಿನ ಬೇರೆ ಮನೆಗಳಲ್ಲಿ ಸಂಜೆಯಾದರೆ ಗ್ಯಾರೇಜಿನ ಬಾಗಿಲು ಮೇಲೆದ್ದು ಕಾರು ಒಳಗೆ ಹೋಗುತ್ತಿತ್ತು. ನಮ್ಮದು ಮಾತ್ರ ಬೀದಿಪಾಲು. ಚಳಿಗಾಲದ ಬೆಳಿಗ್ಗೆ ಅಪ್ಪ ಗಾಜಿನ ಮೇಲೆ ಕಟ್ಟಿದ ಮಂಜು ಕೆರೆಯುತ್ತಾ, ಮನೆ ಕೊಂಡದ್ದು ಯಾರಿಗಾಗಿ ಎಂದು ಗೊಣಗುತ್ತಿದ್ದ. ಮೊದಮೊದಲು ಆ ಗ್ಯಾರೇಜಿನಲ್ಲಿ ಅವನದೇ ಕ್ರಿಕೆಟ್ ಕಿಟ್ಟು, ಇಂಡಿಯಾದಿಂದ ಬಂದ ಸೂಟ್‌ಕೇಸುಗಳು, ಅಕ್ಕಿ ಚೀಲ, ಜೋಳದ ಹಿಟ್ಟಿನ ಚೀಲ ಇದ್ದವು. ಆಮೇಲೆ ಅಲ್ಲಿಗೆ ಹಲ್ಲುಗಳು ಬಂದವು. ಕೆಲಸ ಅಂದರೇನು, ಒಂದು ಕೆಲಸ ಯಾವಾಗ ಮುಗಿಯಿತು ಅನ್ನಬಹುದು, ಅದನ್ನು ಹೇಳುವ ಹಕ್ಕು ಯಾರದು, ಇಷ್ಟನ್ನೂ ನಾನು ಕಲಿತದ್ದು ಅಲ್ಲೇ, ಶಾಲೆ ಮನೆಗೆ ಬಂದ ಆ ವರ್ಷ.

ಅಮ್ಮ ಹುಬ್ಬಳ್ಳಿಯಲ್ಲಿ ಹಲ್ಲಿನ ಡಾಕ್ಟರಾಗಿದ್ದಳು. ಅಪ್ಪನ ವೀಸಾದ ಬಾಲ ಹಿಡಿದು ಅಮೆರಿಕಕ್ಕೆ ಬಂದಮೇಲೆ ಅವಳ ಡಿಗ್ರಿಗೆ ಇಲ್ಲಿ ಬೆಲೆಯಿರಲಿಲ್ಲ. ಬರೆಯುವ ಪರೀಕ್ಷೆ ಪಾಸಾಗಬೇಕು, ಆಮೇಲೆ ಇಲ್ಲಿಯ ಯಾವುದಾದರೂ ಕಾಲೇಜು ಸೀಟು ಕೊಡಬೇಕು, ಕಲಿತದ್ದನ್ನೇ ಮತ್ತೆ ಕಲಿಯಬೇಕು. ಸೀಟು ಕೊಡುವ ಮುಂಚೆ ಕಾಲೇಜಿನವರು ಕೈ ಪರೀಕ್ಷೆ ಮಾಡುತ್ತಾರೆ: ಪ್ಲಾಸ್ಟಿಕ್ ದವಡೆಯ ಹಲ್ಲನ್ನು ಕೊರೆದು ತೋರಿಸು, ಮೇಣದಲ್ಲಿ ಹಲ್ಲು ಕಟ್ಟಿ ತೋರಿಸು ಎನ್ನುತ್ತಾರೆ. ಅಮ್ಮ ಒಮ್ಮೆ ಹೋಗಿ ಬಂದಿದ್ದಳು. ಪರೀಕ್ಷೆಯ ಬೆಳಗಿನವರೆಗೂ ಬಿಡದೆ ಅಭ್ಯಾಸ ಮಾಡಿ, ಅಲ್ಲಿ ಕೂತಾಗ ಕೈ ಸೋತು, ಮೇಣದ ಹಲ್ಲು ಬಿರುಕು ಬಿಟ್ಟಿತ್ತು. ಬಂದವಳೇ ಆಯುಧಗಳನ್ನೆಲ್ಲ ಚಕ್ಕುಲಿಯ ಸ್ಟೀಲ್ ಡಬ್ಬಿಗೆ ತುಂಬಿ ಸೂಟ್‌ಕೇಸುಗಳ ಹಿಂದೆ ಸೇರಿಸಿದಳು. ಅದರ ಬಗ್ಗೆ ಮನೆಯಲ್ಲಿ ಮಾತಿಲ್ಲ. ದೇವಸ್ಥಾನದಲ್ಲಿ ಆಂಟಿಯರು ನೀವೇನು ಮಾಡುತ್ತೀರಿ ಎಂದರೆ, ಸದ್ಯಕ್ಕೆ ಮನೆಯಲ್ಲಿದ್ದೇನೆ ಎಂದು ನಗುತ್ತಿದ್ದಳು. ಆ ನಗು ನನಗೆ ಇಷ್ಟವಾಗುತ್ತಿರಲಿಲ್ಲ. ಯಾಕೆಂದು ಆಗ ತಿಳಿದಿರಲಿಲ್ಲ.

ಅಜ್ಜಿ, ಅಂದರೆ ಅಪ್ಪನ ತಾಯಿ, ಗದಗಿನಿಂದ ಚಳಿ ಮುಗಿಯುವಷ್ಟರಲ್ಲಿ ನೋಡಿ ಹೋಗೋಣವೆಂದು ಬಂದವಳು, ಕೊರೊನಾದಿಂದ ವಿಮಾನಗಳು ನಿಂತು, ನಮ್ಮಲ್ಲೇ ಉಳಿದಳು. ಬಂದ ವಾರದಲ್ಲೇ ಅವಳು ರೊಟ್ಟಿ ಸುಡುವಾಗ ಹೊಗೆಯ ಅಲಾರಂ ಕೂಗಿ, ಅವಳು ಒಲೆ ಬಿಟ್ಟು ಅಲಾರಂಗೆ ಬೈದದ್ದು ನಮ್ಮ ಮನೆಯ ಕಥೆಗಳಲ್ಲೊಂದು. ನಾನು ಈಗ ಬರೆಯುತ್ತಿರುವ ಈ ಅಕ್ಷರಗಳನ್ನು ತಿದ್ದಿಸಿದವಳೂ ಅವಳೇ. ಊಟದ ಮೇಜಿನ ಒಂದು ತುದಿಯಲ್ಲಿ ಅಪ್ಪನ ಮೀಟಿಂಗು, ನಡುವೆ ನನ್ನ ಶಾಲೆ, ಇನ್ನೊಂದು ತುದಿಯಲ್ಲಿ ಅಜ್ಜಿ ಮೆಂತ್ಯದ ಸೊಪ್ಪು ಬಿಡಿಸುವುದು. ಅಂಥದ್ದರಲ್ಲಿ ಬೇಸಿಗೆಗೆ ಅಜ್ಜಿಯ ಎಡದವಡೆಯ ಹಲ್ಲು ನೋಯಲು ಶುರುವಾಯಿತು. ಲವಂಗ ಕಚ್ಚಿದಳು, ಉಪ್ಪುನೀರು ಮುಕ್ಕಳಿಸಿದಳು, ಕೆನ್ನೆ ಊದಿಕೊಂಡಿತು. ಅಮ್ಮ ಫೋನಿನ ಟಾರ್ಚು ಹಿಡಿದು ಒಳಗೆ ನೋಡಿ, ಈ ಹಲ್ಲು ಉಳಿಯುವುದಿಲ್ಲ, ಕೀಳಿಸಲೇಬೇಕು ಎಂದಳು.

"ಹಂಗಾದ್ರ ನೀನ ಕಿತ್ತು ಬಿಡು. ಹುಬ್ಬಳ್ಳ್ಯಾಗ ಊರ ಮಂದೀದೆಲ್ಲ ಕಿತ್ತಾಕಿ ನೀನು."

"ಇಲ್ಲೆ ನಾ ಡಾಕ್ಟರ್ ಅಲ್ಲರಿ ಅತ್ತಿ. ಮುಟ್ಟಂಗಿಲ್ಲ."

ಅಜ್ಜಿಗೆ ಇದು ಅರ್ಥವಾಗಲಿಲ್ಲ. ಅಲ್ಲಿ ಬರುವ ಕೈ ಇಲ್ಲಿ ಯಾಕೆ ಬರುವುದಿಲ್ಲ? ಕೊನೆಗೆ ಒಂದು ಡೆಂಟಲ್ ಆಫೀಸಿಗೆ ಡ್ರೈವ್ ಮಾಡಿಕೊಂಡು ಹೋದೆವು. ಆಗಿನ ನಿಯಮದಂತೆ ರೋಗಿಯೊಬ್ಬಳೇ ಒಳಗೆ, ಉಳಿದವರು ಕಾರಿನಲ್ಲಿ. ಅಜ್ಜಿಗೆ ಇಂಗ್ಲಿಷ್ ಬಾರದು. ಆದ್ದರಿಂದ ಅಮ್ಮ ಪಾರ್ಕಿಂಗ್ ಲಾಟಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತು, ಫೋನ್ ಸ್ಪೀಕರಿನಲ್ಲಿಟ್ಟು, ಆ ಡಾಕ್ಟರು ಹೇಳಿದ್ದನ್ನು ಕನ್ನಡಕ್ಕೂ ಅಜ್ಜಿ ಹೇಳಿದ್ದನ್ನು ಇಂಗ್ಲಿಷಿಗೂ ಮಾಡುತ್ತಿದ್ದಳು. ಬಾಯಿ ತೆರೆಯಿರಿ, ಈಗ ಚುಚ್ಚುತ್ತಾರೆ, ತುಟಿ ಮರಗಟ್ಟುತ್ತದೆ, ಹೆದರಬೇಡಿ. ಹಲ್ಲು ಬಂತು. ಆಮೇಲೆ ಆ ಡಾಕ್ಟರು, ಖಾಲಿಯಾದ ಜಾಗದಲ್ಲಿ ಹೊಸ ಹಲ್ಲು ಕೂರಿಸುವುದಕ್ಕೆ ಯಾವಾಗ ಬರುತ್ತಾರೆ ಎಂದು ಕೇಳಿದರು. ಅಮ್ಮ ಕೇಳಿದ್ದನ್ನು ದಾಟಿಸಿದಳು. ಹತ್ತಿ ಕಚ್ಚಿಕೊಂಡೇ ಅಜ್ಜಿ ಫೋನಿನೊಳಗೆ ಹೇಳಿದಳು:

"ಬ್ಯಾಡ ಅನ್ನು. ನಮ್ಮ ಮನ್ಯಾಗ ಡಾಕ್ಟರ್ ಅದಾಳ, ಆಕಿನ ಹಾಕ್ತಾಳ ಅನ್ನು."

ಅಮ್ಮ ಇಂಗ್ಲಿಷಿನಲ್ಲಿ, ಸದ್ಯಕ್ಕೆ ಬೇಡವಂತೆ, ಎಂದಷ್ಟೇ ಹೇಳಿದಳು. ಹಿಂದಿನ ಸೀಟಿನಲ್ಲಿದ್ದ ನನಗೆ ಎರಡೂ ಭಾಷೆ ಗೊತ್ತಿತ್ತು. ಅಮ್ಮ ಏನನ್ನು ಬಿಟ್ಟಳೆಂಬುದೂ ತಿಳಿಯಿತು. ನನಗೆ ತುಂಬ ದುಃಖವಾಯಿತು, ಅದನ್ನು ತೋರಿಸಬಾರದೆಂದೂ ತಿಳಿಯಿತು.

ಬೇಸಿಗೆ ಮುಗಿದು ಶಾಲೆ ಶುರುವಾದಾಗ ನಮಗೆ ಸೋಷಿಯಲ್ ಸ್ಟಡೀಸ್‌ಗೆ ಬಂದವರು ಮಿಸೆಸ್ ಹಾಲ್ ಎಂಬ ಟೀಚರು. ಕಂಪ್ಯೂಟರಿನ ಪರದೆಯಲ್ಲಿ ಚಿಕ್ಕಚಿಕ್ಕ ಚೌಕಗಳಾಗಿ ಕೂತ ನಮ್ಮನ್ನೆಲ್ಲ ನೋಡಿ ಅವರು, ಇದು ಕ್ಲಾಸ್ ಅಲ್ಲ, ಮಧ್ಯಯುಗದ ಒಂದು ಪಟ್ಟಣ, ಎಂದರು. ಆ ಕಾಲದ ಯುರೋಪಿನಲ್ಲಿ ಒಂದೊಂದು ಕಸುಬಿನವರೂ ಸೇರಿ ಕಟ್ಟಿಕೊಂಡ ಗಿಲ್ಡ್ ಎಂಬ ಸಂಘಗಳ ಪಾಠ ಅದು. ಬ್ರೆಡ್ಡಿನವರದೊಂದು, ಚರ್ಮದವರದೊಂದು, ನೇಕಾರರದೊಂದು. ಮಕ್ಕಳು ಮಾಸ್ಟರಿನ ಮನೆ ಸೇರಿ, ಅಲ್ಲೇ ಉಂಡು, ಅಲ್ಲೇ ಮಲಗಿ, ಅಪ್ರೆಂಟಿಸ್ ಆಗಿ ಕಲಿಯುತ್ತಿದ್ದರು. ಕಲಿತು ಕೂಲಿಗೆ ದುಡಿಯುವವನು ಜರ್ನಿಮನ್. ತಾನೇ ಮಾಸ್ಟರಾಗಬೇಕಾದರೆ ಒಂದು ಒಳ್ಳೆಯ ವಸ್ತು ಮಾಡಿ ಗಿಲ್ಡಿನ ಹಿರಿಯರ ಮುಂದಿಡಬೇಕು, ಅದು ಮಾಸ್ಟರ್‌ಪೀಸ್. ಅಪ್ಪ ಮೇಜಿನ ಆ ತುದಿಯಿಂದ ತನ್ನ ಮೈಕು ಮುಚ್ಚಿ, ಇದೆಲ್ಲ ನಮ್ಮಲ್ಲೂ ಇತ್ತು, ಅಯ್ಯಾವೊಳೆಯ ಐನೂರ್ವರು ಅಂತ ವ್ಯಾಪಾರಿಗಳ ಸಂಘ, ನಿಮ್ಮ ಟೀಚರಿಗೆ ಹೇಳು ಎಂದ. ಅವನ ಇತಿಹಾಸ ಹತ್ತನೇ ಕ್ಲಾಸಿಗೆ ನಿಂತಿತ್ತಾದ್ದರಿಂದ, ಮುಂದೆ ಅವರು ಏನು ಮಾಡಿದರು ಎಂದು ನಾನು ಕೇಳಿದ್ದಕ್ಕೆ ಮೀಟಿಂಗಿಗೆ ಮರಳಿದ.

ಮಿಸೆಸ್ ಹಾಲ್ ಕೊಟ್ಟ ಕೆಲಸ ಇದು: ಪ್ರತಿಯೊಬ್ಬರೂ ಮನೆಯಲ್ಲೇ ಒಬ್ಬ ಮಾಸ್ಟರನ್ನು ಹುಡುಕಿಕೊಂಡು ಅವರ ಕೈಕೆಳಗೆ ಒಂದು ಕಸುಬು ಕಲಿಯಬೇಕು, ಕೊನೆಗೆ ಮಾಸ್ಟರ್‌ಪೀಸ್ ತೋರಿಸಬೇಕು. ಮಾಸ್ಟರ್ ಆಯಿತು ಅಂದರಷ್ಟೇ ಆಯಿತು. ನಾನು ಕಂಗಾಲಾದೆ. ಅಪ್ಪನ ಕೆಲಸ ಕೀಬೋರ್ಡಿನೊಳಗೆ. ಅಜ್ಜಿಯ ರೊಟ್ಟಿ ನನ್ನ ಕೈಯಲ್ಲಿ ಆಸ್ಟ್ರೇಲಿಯಾದ ನಕ್ಷೆಯಾಗುತ್ತಿತ್ತು. ಮರುದಿನದ ಪಾಠ ಹೊರಗಿನವರ ಬಗ್ಗೆ. ಒಂದು ಪಟ್ಟಣದ ಮಾಸ್ಟರ್ ಇನ್ನೊಂದು ಪಟ್ಟಣಕ್ಕೆ ಬಂದರೆ ಎಷ್ಟೋ ಕಡೆ ಅವನನ್ನು ಮಾಸ್ಟರ್ ಎಂದು ಒಪ್ಪುತ್ತಿರಲಿಲ್ಲ, ಆ ಊರಿನ ಗಿಲ್ಡು ಅವನ ಕೆಲಸ ನೋಡುವತನಕ ಅಂಗಡಿ ತೆರೆಯುವಂತಿರಲಿಲ್ಲ ಎಂದು ಅವರು ಹೇಳುತ್ತಿದ್ದ ಹಾಗೆ ನನಗೆ ತಡೆಯಲಾಗಲಿಲ್ಲ. ಒಗ್ಗರಣೆ ಹಾಕುತ್ತಿದ್ದ ಅಮ್ಮನಿಗೆ ಕೂತಲ್ಲಿಂದಲೇ ಕೂಗಿ ಹೇಳಿದೆ:

"ಅಮ್ಮಾ, ಯು ಆರ್ ಎ ಜರ್ನಿಮನ್. ಹುಬ್ಬಳ್ಳೀಲಿ ನೀನು ಮಾಸ್ಟರ್, ಬಟ್ ಈ ಟೌನ್ ಗಿಲ್ಡ್ ನಿನ್ನ ಮಾಸ್ಟರ್‌ಪೀಸ್ ನೋಡಿಲ್ಲ, ಅದಕ್ಕೆ."

ನನ್ನ ಮೈಕು ತೆರೆದೇ ಇತ್ತು. ಅಮ್ಮ ಒಲೆ ಆರಿಸಿದಳು. ಮಿಸೆಸ್ ಹಾಲ್ ಕುತೂಹಲದಿಂದ ಏನದು ಎಂದು ಕೇಳಿದರು. ನಾನು ಎಲ್ಲ ಹೇಳಿಬಿಟ್ಟೆ. ಅಮ್ಮ ಸೀರೆ ಉಟ್ಟಿರದಿದ್ದರೂ ಸೆರಗು ಹುಡುಕುವವಳಂತೆ ಕೈ ಒರೆಸಿಕೊಂಡು ಪರದೆಯ ಅಂಚಿಗೆ ಅರ್ಧ ಬಂದು ನಿಂತಳು. ಮಿಸೆಸ್ ಹಾಲ್ ಅವಳಿಗೆ ನಮಸ್ಕರಿಸಿ, ಆ ಕಾಲದಲ್ಲಿ ಹಲ್ಲು ಕೀಳುತ್ತಿದ್ದವರು ಕ್ಷೌರಿಕರೂ ಆಗಿದ್ದ ಶಸ್ತ್ರವೈದ್ಯರು, ಅವರಿಗೂ ಗಿಲ್ಡ್ ಇತ್ತು, ನಮ್ಮ ಪಟ್ಟಣದಲ್ಲಿ ಆ ಜಾಗ ಖಾಲಿಯಿದೆ, ಬರುತ್ತೀರಾ ಎಂದರು. ಅಮ್ಮ ಒಗ್ಗರಣೆಗೆ ಮರಳಿದಳು. ಸಂಜೆ ಪಾತ್ರೆ ತೊಳೆಯುತ್ತಾ ನನ್ನ ಕಡೆ ತಿರುಗದೆ ಕೇಳಿದಳು:

"ಆ ಹೊರಗಿಂದ ಬಂದವರು ಒಂದ ಸಲ ಫೇಲ್ ಆದ್ರ ಏನ ಮಾಡ್ತಿದ್ರು?"

ನನಗೆ ಗೊತ್ತಿರಲಿಲ್ಲ. ಮರುದಿನ ಕೇಳಿದೆ. ಊರೂರಿಗೆ ಬೇರೆ ಪದ್ಧತಿ, ಆದರೆ ಎಷ್ಟೋ ಕಡೆ ಇನ್ನಷ್ಟು ಕಲಿತು ಮತ್ತೆ ಬಾ ಎನ್ನುತ್ತಿದ್ದರು ಎಂದರು ಮಿಸೆಸ್ ಹಾಲ್. ಅದನ್ನು ಅಮ್ಮನಿಗೆ ತಲುಪಿಸಿದೆ. ಆಮೇಲೆ ಅಪ್ಪನಿಂದ ತಿಳಿದದ್ದು, ಅವನ ಒತ್ತಾಯಕ್ಕೆ ಅಮ್ಮ ಅಪ್ಲೈ ಮಾಡಿದ್ದಳಂತೆ, ಪಕ್ಕದ ರಾಜ್ಯ ವರ್ಜೀನಿಯಾದ ಒಂದು ಕಾಲೇಜು ಕೈ ಪರೀಕ್ಷೆಗೆ ಬಾ ಎಂದಿತ್ತಂತೆ, ಇವಳು ಉತ್ತರವನ್ನೇ ಕೊಟ್ಟಿರಲಿಲ್ಲವಂತೆ. ಆ ವಾರ ಉತ್ತರ ಹೋಯಿತು. ಅಪ್ಪ ಸೂಟ್‌ಕೇಸುಗಳನ್ನು ಒಂದರ ಮೇಲೊಂದು ಪೇರಿಸಿ ಗ್ಯಾರೇಜು ಖಾಲಿ ಮಾಡಿದ. ಮೇಜು, ದೀಪ, ಹಲ್ಲು ಕೊರೆಯುವ ಯಂತ್ರ, ಪ್ಲಾಸ್ಟಿಕ್ ದವಡೆ ಬಂದವು. ಕೆಳಗೆ ಕೆಲಸ, ಮೇಲೆ ಮನೆ: ಮಾಸ್ಟರುಗಳ ಮನೆಗಳೂ ಹೀಗೇ ಇದ್ದವೆಂದು ಪಾಠದಲ್ಲಿ ಬಂದಾಗ ನಮ್ಮ ಟೌನ್‌ಹೌಸಿನ ಚಿತ್ರ ಬರೆದೇ ತೋರಿಸಿದೆ.

ಅಜ್ಜಿಗೆ ಎಲ್ಲವೂ ಒಪ್ಪಿಗೆಯಿತ್ತು, ಒಂದನ್ನು ಬಿಟ್ಟು. ಅಮ್ಮನ ಬಳಿ ಹಳೆಯ ಉಪ್ಪಿನಕಾಯಿ ಬಾಟಲಿಯೊಂದರಲ್ಲಿ ನಿಜವಾದ ಹಲ್ಲುಗಳಿದ್ದವು, ಯಾರಿಂದಲೋ ಕಿತ್ತವು, ಔಷಧಿ ನೀರಿನಲ್ಲಿ ತೊಳೆದವು. ಅವುಗಳ ಉಬ್ಬುತಗ್ಗು ನೋಡಿಯೇ ಮೇಣದಲ್ಲಿ ಕಟ್ಟಬೇಕು. ಯಾರ ಬಾಯಿಯದೋ ಏನೋ, ಇದ್ದವರದೋ ಹೋದವರದೋ, ದೇವರಿರುವ ಮನೆಯಲ್ಲಿ ಇದೇನು ಎಂದು ಅಜ್ಜಿ ಎರಡು ಹೊತ್ತು ಊಟ ಬಿಟ್ಟಳು. ಅಮ್ಮನೂ ಜಗ್ಗಲಿಲ್ಲ. ಅತ್ತೆ ಏರಿಗೆಳೆದರೆ ಸೊಸೆ ನೀರಿಗೆ. ನಡುವೆ ಅಪ್ಪ ಮೆಟ್ಟಿಲ ಮೇಲೆ ಕೂತು ಮೇಲಿನ ಮಾತನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಒಯ್ದ. ಕೊನೆಗೆ ಬಾಟಲಿ ಗ್ಯಾರೇಜು ದಾಟಿ ಮೇಲೆ ಬರಕೂಡದು, ಅದನ್ನು ಮುಟ್ಟಿದವರು ಕೈಕಾಲು ತೊಳೆಯದೆ ಮೆಟ್ಟಿಲು ಹತ್ತಕೂಡದು ಎಂದು ರಾಜಿಯಾಯಿತು. ಗಿಲ್ಡುಗಳಿಗೂ ಇಂಥವೇ ನಿಯಮಗಳಿದ್ದಿರಬೇಕೆಂದು ನನಗನ್ನಿಸಿತು.

ಅಮ್ಮ ನನ್ನ ಮಾಸ್ಟರಾದಳು. ಅಡುಗೆಮನೆಯಲ್ಲಿ ನಾನು ಎಷ್ಟೇ ಚೆಲ್ಲಿದರೂ ಬೈಯದವಳು ಗ್ಯಾರೇಜಿನಲ್ಲಿ ಬೇರೆಯೇ ಹೆಂಗಸು. ಸಣ್ಣ ದೀಪದಲ್ಲಿ ಚಾಕು ಕಾಯಿಸುವುದು, ಮೇಣ ಎತ್ತುವುದು, ತೊಟ್ಟುತೊಟ್ಟಾಗಿ ಇಳಿಸಿ ದವಡೆಹಲ್ಲಿನ ಗುಡ್ಡಗಳನ್ನು ಕಟ್ಟುವುದು, ಆರಿದ ಮೇಲೆ ನಡುವಿನ ಕಣಿವೆಗಳನ್ನು ಕೆರೆಯುವುದು. ನನ್ನ ಮೊದಲ ಹಲ್ಲನ್ನು ಅವಳು ದೀಪಕ್ಕೆ ಹಿಡಿದು ತಿರುಗಿಸಿ ನೋಡಿ, ಏನೂ ಹೇಳದೆ ಕರಗಿಸಿಬಿಟ್ಟಳು. ಎರಡನೆಯದನ್ನೂ. ಅದರ ಮುಂದಿನದು ನನಗೆ ನಿಜವಾಗಿ ಚಂದ ಕಂಡಿತ್ತು, ಅದೂ ಕರಗಿತು. ನಾನು ಅತ್ತು ಮೇಲೆ ಓಡಿದೆ. ಅಜ್ಜಿ ಮೆಟ್ಟಿಲ ತುದಿಯಲ್ಲಿ ನಿಂತು, ಕೆಳಗಿದ್ದ ಅಮ್ಮನನ್ನು ಹೆಸರು ಹಿಡಿದು ಕರೆದು ಹೇಳಿದಳು:

"ವಿದ್ಯಾ, ಸಣ್ಣ ಹುಡುಗಿ ಅದು. ಸಾಲಿಗೆ ತೋರ್ಸೂದು. ಅಷ್ಟ ಸಾಕು ಬಿಡು."

"ಅದರ ಮ್ಯಾಲೆ ಕೆಳಗಿನ ಹಲ್ಲು ಕೂಡಂಗಿಲ್ಲರಿ. ಕೂಡದ ಹಲ್ಲು ಯಾರ ಬಾಯಾಗೂ ಸಾಕಾಗಂಗಿಲ್ಲ."

ಆ ಕ್ಷಣ ಅಮ್ಮನ ಮೇಲೆ ಸಿಟ್ಟು ಬಂತು. ಒಳಗೊಳಗೇ ಹೆಮ್ಮೆಯೂ ಆಯಿತು. ಇವಳು ಮನೆಯಲ್ಲಿ ಸುಮ್ಮನೆ ಇರುವವಳಲ್ಲ. ಕೈಕಾಲು ತೊಳೆದು, ತಿಂದು, ಮತ್ತೆ ಇಳಿದೆ. ಒಂದು ದಿನ ಅವಳು ನನ್ನ ಹಲ್ಲನ್ನು ತಿರುಗಿಸಿ ನೋಡಿ, ಕರಗಿಸದೆ ಮೇಜಿನ ಮೇಲಿಟ್ಟು ತನ್ನ ಕೆಲಸಕ್ಕೆ ತಿರುಗಿದಳು. ಅದೇ ಶಾಭಾಸ್‌ಗಿರಿ. ಕ್ಯಾಮೆರಾ ಮುಂದೆ ಹಿಡಿದಾಗ ಬ್ರೆಡ್ಡಿನ ಗಿಲ್ಡಿನ ಹುಡುಗ ಅದು ಯಾರದ್ದು ಎಂದು ಹೆದರಿ ಕೇಳಿದ. ಎಲ್ಲರೂ ಕೈಯೆತ್ತಿ ನನ್ನನ್ನು ಒಪ್ಪಿದರು. ಅಮ್ಮನನ್ನು ಒಪ್ಪುವವರು ಇನ್ನೂ ಬಾಕಿಯಿದ್ದರು.

ಅವಳ ಪರೀಕ್ಷೆ ವಿಜಯದಶಮಿಯ ದಿನ ಬಂತು. ಹಿಂದಿನ ದಿನ ಆಯುಧ ಪೂಜೆ. ಅಜ್ಜಿ ಬೆಳಿಗ್ಗೆಯೇ ಅಪ್ಪನ ಲ್ಯಾಪ್‌ಟಾಪು, ಬ್ಯಾಟು, ಕಾರಿನ ಕೀಲಿ, ರೊಟ್ಟಿಯ ಹಂಚು, ನನ್ನ ಪೆನ್ಸಿಲುಗಳ ಜೊತೆ ಅಮ್ಮನ ಚಕ್ಕುಲಿ ಡಬ್ಬಿಯನ್ನೂ ದೇವರ ಮುಂದಿಟ್ಟು ಅರಿಸಿನ ಕುಂಕುಮ ಹಚ್ಚಿ ಆರತಿ ಮಾಡಿದಳು. ಊಟವಾದ ಮೇಲೆ ಅಮ್ಮ, ಹೊರಡುವ ಮುಂಚೆ ಕೊನೆಯದಾಗಿ ಒಂದು ಹಲ್ಲು ಕಟ್ಟಿ ನೋಡುತ್ತೇನೆಂದು ಡಬ್ಬಿಗೆ ಕೈ ಹಾಕಿದಳು. ಅಜ್ಜಿ ಅಡ್ಡ ನಿಂತಳು. ಪೂಜೆಯಾದ ಆಯುಧಕ್ಕೆ ಇವತ್ತು ವಿಶ್ರಾಂತಿ. ನಾಳೆ ಪೂಜೆ ಇಳಿಸುವವರೆಗೂ ಬಳಸುವಂತಿಲ್ಲ. ಅಮ್ಮನ ಮುಖ ಕೆಂಪಾಯಿತು. ವರ್ಷಗಳಿಂದ ಕಾದದ್ದು ನಾಳೆ, ಇವತ್ತು ಕೈ ಕಟ್ಟಿ ಕೂರಲೇ ಎಂದು ದನಿಯೆತ್ತಿದಳು. ಗಿಲ್ಡಿನವರೂ ಹಬ್ಬದ ದಿನ ಕೆಲಸ ಮಾಡುತ್ತಿರಲಿಲ್ಲ ಎಂದು ನಾನು ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಂಡೆ. ಅಪ್ಪ ಕಾರಿನ ಕೀಲಿಯನ್ನು ನೋಡಿ, ಹಾಗಾದರೆ ಕಾರೂ ಹೋಗುವಂತಿಲ್ಲವೇ ಎಂದ. ಅಜ್ಜಿ ಒಂದು ಗಳಿಗೆ ಯೋಚಿಸಿದಳು.

"ದಸರಾದಾಗ ಆಯುಧ ತಗೊಂಡ ಸೀಮಿ ದಾಟೂದ ಪದ್ಧತಿ. ಒಯ್ಯೂದಕ್ಕ ಅಡ್ಡಿಯಿಲ್ಲ, ತೆರಿಯೂದು ಬ್ಯಾಡ. ನಿನ್ನ ಕೈಗೂ ಇವತ್ತ ಪೂಜಿ ಆಗ್ಯದ ಅಂತ ತಿಳ್ಕೊ."

ಡಬ್ಬಿಯನ್ನು ಹೂವಿನ ಸಮೇತ ಅಜ್ಜಿಯೇ ಎತ್ತಿ ತಂದು ನನ್ನ ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಹಾಕಿದಳು. ವರ್ಜೀನಿಯಾಕ್ಕೆ ಸ್ವಾಗತ ಎಂಬ ಬೋರ್ಡು ದಾಟಿದ ಮೇಲೆ ಸಿಕ್ಕಿದ ರೆಸ್ಟ್ ಏರಿಯಾದಲ್ಲಿ ಅಜ್ಜಿ ಕಾರು ನಿಲ್ಲಿಸಲು ಹೇಳಿ, ಬನ್ನಿ ಸಿಗದ್ದಕ್ಕೆ ಮನೆ ಮುಂದಿನ ಗಿಡದಿಂದ ತಂದಿದ್ದ ಎಲೆಯನ್ನು ಅಮ್ಮನ ಕೈಗೆ ಕೊಟ್ಟು, ಬಂಗಾರದಂಗ ಇರೋಣು ಎಂದಳು. ಅಮ್ಮ ಬಗ್ಗಿ ಕಾಲು ಮುಟ್ಟಿದಳು. ಹಬ್ಬಕ್ಕೆ ಒಂದು ದಿನ ಮೊದಲೇ ಬನ್ನಿ ಕೊಟ್ಟದ್ದಕ್ಕೆ ಅಪ್ಪ ಸೊಲ್ಲೆತ್ತಲಿಲ್ಲ. ಮರುದಿನ ಹೋಟೆಲಿನಲ್ಲಿ ಅಜ್ಜಿ ಪೂಜೆ ಇಳಿಸಿಕೊಟ್ಟಳು, ಅಮ್ಮ ಒಳಗೆ ಹೋದಳು, ನಾವು ಮತ್ತೆ ಪಾರ್ಕಿಂಗ್ ಲಾಟಿನಲ್ಲಿ ಕೂತೆವು. ಈ ಸಲ ಫೋನಿರಲಿಲ್ಲ.

ಒಳಗಾದದ್ದನ್ನು ಅಮ್ಮ ಬರುವಾಗ ಹೇಳಿದಳು. ಡಬ್ಬಿ ತೆರೆದರೆ ಪ್ರತಿ ಆಯುಧದ ತುದಿಗೂ ಕುಂಕುಮ. ಅಜ್ಜಿ ಡಬ್ಬಿಗಷ್ಟೇ ಹಚ್ಚಿರಲಿಲ್ಲ. ಹಿಂದೆ ಬಂದು ನಿಂತ ಪರೀಕ್ಷಕ ಗಾಬರಿಯಾಗಿ ಅದು ರಕ್ತವೇ ಎಂದು ಕೇಳಿದನಂತೆ. ಅಲ್ಲ, ನಿನ್ನೆ ಇವುಗಳ ಹಬ್ಬವಿತ್ತು ಎಂದಳಂತೆ ಅಮ್ಮ. ಅವನು ಒರೆಸಲು ಬಟ್ಟೆ ತಂದುಕೊಟ್ಟನಂತೆ. ಒಂದೊಂದನ್ನೇ ಒರೆಸುತ್ತಾ ಹೋದ ಹಾಗೆ ಎದೆಯ ಬಡಿತ ಇಳಿಯಿತು, ಒಂದು ದಿನ ಸುಮ್ಮನಿದ್ದ ಕೈ ಹಗುರವಾಗಿತ್ತು, ಮೇಣ ಬಿರುಕು ಬಿಡಲಿಲ್ಲ. ಅಜ್ಜಿ ಕಿಟಕಿಯ ಆಚೆ ನೋಡುತ್ತಾ, ತಾನೇನೂ ಕೇಳಿಸಿಕೊಳ್ಳಲಿಲ್ಲ ಎಂಬಂತೆ ಕೂತಿದ್ದಳು.

ಫಲಿತಾಂಶ ಬಂದದ್ದು ಚಳಿಗಾಲದ ಒಂದು ಮಧ್ಯಾಹ್ನ, ಊಟದ ಹೊತ್ತಿಗೆ. ಅಮ್ಮ ಫೋನು ನೋಡಿ, ನೀವ ಓದ್ರಿ ಎಂದು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಓದಿ ತಲೆಯಾಡಿಸಿದ, ಹೌದು ಎನ್ನುವ ಹಾಗೆ. ಸಂಭ್ರಮವೇನೂ ಆಗಲಿಲ್ಲ. ಅಮ್ಮ ತಟ್ಟೆಯಲ್ಲಿದ್ದದ್ದನ್ನು ಮುಗಿಸಿ, ಸೋಫಾದ ಮೇಲೆ ಒರಗಿ, ಹಗಲುಹೊತ್ತಿನಲ್ಲಿ ಗಾಢವಾಗಿ ನಿದ್ದೆ ಹೋದಳು. ಅವಳು ಹಗಲು ಮಲಗಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಜ್ಜಿ ಹೊದಿಕೆ ಹೊದೆಸಿದಳು. ಅಪ್ಪ ಲ್ಯಾಪ್‌ಟಾಪಿನ ದನಿ ತಗ್ಗಿಸಿದ. ಮನೆಯ ಮೇಲಿಂದ ಏನೋ ಒಂದು ಭಾರ ಇಳಿದು ಹೋಗಿತ್ತು, ನಾವು ಮೂವರೂ ಅದನ್ನು ಕದಡಬಾರದೆಂದು ಮೆಲ್ಲಗೆ ಓಡಾಡಿದೆವು. ಇವತ್ತಿಗೂ ನನಗೆ ನೆಮ್ಮದಿ ಎಂದರೆ ಆ ಮಧ್ಯಾಹ್ನ.

ಅಮ್ಮ ವರ್ಜೀನಿಯಾದಲ್ಲಿ ಕೋಣೆ ಹಿಡಿದು ಓದಿದಳು, ಶನಿವಾರ ಬಂದರೆ ಭಾನುವಾರ ಹೋದಳು. ಅಪ್ಪನ ಸಾರಿನ ಬಗ್ಗೆ ಬರೆಯದಿರುವುದೇ ಒಳ್ಳೆಯದು. ವಿಮಾನಗಳು ಹಾರಿದ ಮೇಲೆ ಅಜ್ಜಿ ಗದಗಿಗೆ ಹೋದಳು. ಅಲ್ಲಿ ಬೀದಿಗೊಬ್ಬ ಹಲ್ಲಿನ ಡಾಕ್ಟರಿದ್ದರೂ ಎಡದವಡೆಯ ಜಾಗ ತುಂಬಿಸಿಕೊಳ್ಳಲಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಫೋನಿನಲ್ಲಿ ನಗುತ್ತಾ ಬಲಗಡೆಯಿಂದಲೇ ಅಗಿದಳು. ಅಮ್ಮನ ಓದಿನ ಕೊನೆಯ ವರ್ಷದಲ್ಲಿ ಅಜ್ಜಿ ಮತ್ತೆ ಬಂದಾಗ, ಕಾಲೇಜಿನ ಕ್ಲಿನಿಕ್ಕಿನಲ್ಲಿ, ಹಿಂದೆ ಪ್ರೊಫೆಸರು ನಿಂತು ನೋಡುತ್ತಿದ್ದಂತೆ, ಅಮ್ಮ ಅವಳಿಗೆ ಹಲ್ಲು ಕೂರಿಸಿದಳು. ಪ್ರೊಫೆಸರು ಕನ್ನಡಿ ಹಿಡಿದು ನೋಡಿ, ಏನೂ ಹೇಳದೆ ಮುಂದಿನ ಕುರ್ಚಿಗೆ ಹೋದರು. ಆ ಮೌನದ ಬೆಲೆ ನನಗೆ ಗೊತ್ತಿತ್ತು.

ಮಾರಿಸ್‌ವಿಲ್‌ಗೆ ಮರಳಿದ ಮೇಲೆ ಅಜ್ಜಿ ತಾನೇ ಗದಗಿನಿಂದ ಕಟ್ಟಿಕೊಂಡು ಬಂದಿದ್ದ ಖಡಕ್ ರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ಮುಂದಿಟ್ಟುಕೊಂಡಳು. ಅಮ್ಮ ಎಡಗಡೆಯಿಂದ ಕಡೀರಿ ಎಂದಳು. ಅಜ್ಜಿ ಕಡಿದಳು, ರೊಟ್ಟಿ ಮುರಿದ ಸದ್ದು ಮೇಜಿನ ಈ ತುದಿಗೂ ಕೇಳಿಸಿತು. ನಿಧಾನವಾಗಿ ಅಗಿದು, ನುಂಗಿ, ನೀರು ಕುಡಿದು, ಅಮ್ಮನ ಕಡೆ ತಿರುಗಿದಳು.

"ಅವತ್ತ ಆ ಡಾಕ್ಟರಗ ನಾ ಅಷ್ಟುದ್ದ ಹೇಳಂದಿದ್ದೆ, ನೀ ಇಷ್ಟ ಗಿಡ್ಡದಾಗ ಮುಗಿಸಿದ್ದಿ. ಇಂಗ್ಲಿಷ್ ಬರದಿದ್ರೇನಾತು, ಉದ್ದ ಗಿಡ್ಡ ತಿಳೀತದ ನಂಗ. ಈಗ ಪೂರಾ ಹೇಳು."

ಅಮ್ಮ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಆ ಡಾಕ್ಟರು ಅಲ್ಲಿರಲಿಲ್ಲ, ಫೋನೂ ಇರಲಿಲ್ಲ. ಅಜ್ಜಿಯನ್ನೇ ನೋಡುತ್ತಾ ಹೇಳಿದಳು:

"ಶೀ ಡಸ್ ನಾಟ್ ವಾಂಟ್ ಇಟ್. ದೇರ್ ಈಸ್ ಎ ಡಾಕ್ಟರ್ ಇನ್ ಅವರ್ ಹೌಸ್. ಶೀ ವಿಲ್ ಡೂ ಇಟ್ ಹರ್‌ಸೆಲ್ಫ್."

"ಹಾಂ. ಈಗ ಸರಿಯಾತು ನೋಡು," ಎಂದಳು ಅಜ್ಜಿ, ಮತ್ತು ಇನ್ನೊಂದು ರೊಟ್ಟಿಗೆ ಕೈ ಹಾಕಿದಳು.